ಹಲಸಿನ ಕಪಾಟು: ಆರು ಮಳೆಗಾಲ ಮತ್ತು ಒಂದು ಹಠಮಾರಿ ಡ್ರಾವರು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಗೆ 2019ರ ಫೆಬ್ರವರಿಯಲ್ಲಿ ಹಲಸಿನ ಮರದ ಬರವಣಿಗೆ ಕಪಾಟೊಂದನ್ನು ಮಾಡಿಸಿದೆ. ಮೇಲೆ ಎರಡು ಬಾಗಿಲಿನ ಪುಸ್ತಕದ ಭಾಗ, ನಡುವೆ ಮುಂದಕ್ಕೆ ಇಳಿಸಿದರೆ ಮೇಜಾಗುವ ಹಲಗೆ, ಅದರ ಕೆಳಗೆ ಮೂರು ಡ್ರಾವರುಗಳು. ಆರು ಮಳೆಗಾಲ ಕಳೆದ ಮೇಲೆ ಅದರ ಬಗ್ಗೆ ಬರೆಯುವುದಕ್ಕೆ ಕಾರಣ ಆ ಮೂರರಲ್ಲಿ ಎಲ್ಲಕ್ಕಿಂತ ಕೆಳಗಿನದು. ಪಿಂಚಣಿಯ ಕಾಗದ, ಕಂದಾಯದ ರಶೀದಿ, ಜಾಗದ ದಾಖಲೆಗಳೆಲ್ಲ ಇರುವುದು ಅದರೊಳಗೆ. ಮಳೆ ಜೋರಾಗಿರುವ ಆಟಿ ತಿಂಗಳು (ಜುಲೈ-ಆಗಸ್ಟ್) ಬಂತೆಂದರೆ ಅದು ತೆರೆಯುತ್ತಲೇ ಇರಲಿಲ್ಲ.

ಮರ ನಮ್ಮದೇ ಹಿತ್ತಿಲಿನದು. ಮಾಡಿನ ಕಡೆಗೆ ವಾಲಿದ್ದ ಹಳೆಯ ಹಲಸನ್ನು 2018ರ ಜನವರಿಯಲ್ಲಿ ಕಡಿಸಿದೆ. ಎರಡೇ ತಿಂಗಳಲ್ಲಿ ಕೇರಳ ಸರಕಾರವು ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ್ದರಿಂದ ನೆರೆಮನೆಯವರ ಕುಚೋದ್ಯಕ್ಕೆ ಬಹಳ ಕಾಲ ಗುರಿಯಾಗಬೇಕಾಯಿತು. ಮಿಲ್ಲಿನಿಂದ ಸೀಳಿ ತಂದ ಹಲಗೆಗಳನ್ನು ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ, ಒಂದರ ಮೇಲೊಂದು ತಾಗದಂತೆ ನಡುವೆ ಅಡಿಕೆ ಮರದ ಪಟ್ಟಿಗಳನ್ನಿಟ್ಟು, ಸರಿಯಾಗಿ ಒಂದು ವರ್ಷ ಒಣಗಿಸಿದೆವು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಕಪಾಟು ಮಾಡಿದ ಬಡಗಿ ಆಚಾರಿಗಳ ಲೆಕ್ಕ. ಕೂಲಿ, ಮಿಲ್ಲಿನ ಖರ್ಚು, ಪಾಲಿಶು, ಬೀಗ, ಹಿಡಿಗಳೆಲ್ಲ ಸೇರಿ 50,000 ರೂಪಾಯಿಯ ಹತ್ತಿರ ಬಂತು. ನಿವೃತ್ತ ಶಾಲಾ ಮಾಸ್ತರನಿಗೆ ಅದು ಸಣ್ಣ ಮೊತ್ತವಲ್ಲ; ಮರಕ್ಕೂ ದುಡ್ಡು ಕೊಡಬೇಕಾಗಿದ್ದರೆ ಈ ಆಸೆಯನ್ನೇ ಬಿಡುತ್ತಿದ್ದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ವಿಲ್ಲೇಜ್ ಆಫೀಸಿಗೆ ಹೋಗುವ ಅವಸರದಲ್ಲಿ ರಶೀದಿಗಾಗಿ ಡ್ರಾವರನ್ನು ಎಳೆದರೆ ಹಿತ್ತಾಳೆಯ ಹಿಡಿ ತಿರುಪಿನ ಸಮೇತ ಕೈಗೆ ಬಂತು, ಡ್ರಾವರು ಮಾತ್ರ ಅಲ್ಲಾಡಲಿಲ್ಲ. ಮೇಲಿನ ಡ್ರಾವರನ್ನು ಪೂರ್ತಿ ಹೊರತೆಗೆದು, ಆ ಖಾಲಿ ಜಾಗದಿಂದ ಕೈ ಇಳಿಸಿ, ಕಾಗದಗಳನ್ನು ಒಂದೊಂದಾಗಿ ಮೇಲಕ್ಕೆ ಸೆಳೆದೆ. ಮೂರು ವರ್ಷ ಇದೇ ಉಪಾಯ.

ಆಚಾರಿಗಳಿಗೆ ಫೋನು ಮಾಡಿದಾಗ, "ಈಗ ಕೀಸುಳಿ ಹಾಕಬಾರದು ಮಾಷ್ಟ್ರೇ, ಒದ್ದೆ ಮರದ ನಾರು ಏಳುತ್ತದೆ, ಕೀಸಿದಲ್ಲಿಗೆ ಪಾಲಿಶೂ ಹಿಡಿಯುವುದಿಲ್ಲ. ಬೇಸಿಗೆ ಬರಲಿ" ಎಂದರು. ಮಾತು ಸರಿಯೇ. ಮಾರ್ಚಿನಲ್ಲಿ ಬಂದರು, ಡ್ರಾವರನ್ನು ಎರಡು ಬೆರಳಿನಲ್ಲಿ ಎಳೆದರು. ಅದು ಬೆಣ್ಣೆಯ ಮೇಲೆ ಜಾರಿದಂತೆ ಬಂತು. ಎಲ್ಲಿ ಕೀಸುವುದು, ಎಷ್ಟು ಕೀಸುವುದು ಎಂದು ಇಬ್ಬರಿಗೂ ತೋಚಲಿಲ್ಲ. ಚಹಾ ಕುಡಿದು ಹೋದರು. ಮುಂದಿನ ಆಟಿಯಲ್ಲಿ ಮತ್ತೆ ಫೋನು, ಮತ್ತೆ ಅದೇ ಉತ್ತರ. ಮಳೆಗಾಲದಲ್ಲಿ ರೋಗವಿದ್ದು ಚಿಕಿತ್ಸೆಯಿಲ್ಲ, ಬೇಸಿಗೆಯಲ್ಲಿ ಚಿಕಿತ್ಸೆಯಿದ್ದು ರೋಗವಿಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಇದೇ ಕಪಾಟಿನ ಮೇಲಿನ ಬಾಗಿಲುಗಳು ಆರು ವರ್ಷಗಳಲ್ಲಿ ಒಮ್ಮೆಯೂ ಸಿಕ್ಕಿಕೊಂಡಿಲ್ಲ. ಅಲ್ಲಿ ಅವರು ಚೌಕಟ್ಟಿನ ಒಳಅಂಚಿಗೆ ಗಾಡಿ, ಎಂದರೆ ಉದ್ದನೆಯ ತೋಡು, ಕೊರೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿದ್ದಾರೆ. ಹಲಗೆ ಹಿಗ್ಗಿದರೆ ಗಾಡಿಯೊಳಗೇ ಹಿಗ್ಗುತ್ತದೆ, ಕುಗ್ಗಿದರೆ ಅಲ್ಲೇ ಕುಗ್ಗುತ್ತದೆ, ಚೌಕಟ್ಟಿಗೆ ಅದರ ಗೊಡವೆಯಿಲ್ಲ. ಬಾಗಿಲಿನಲ್ಲಿ ಇಷ್ಟು ಬಲ್ಲವರು ಡ್ರಾವರಿನಲ್ಲಿ ಮರೆತದ್ದು ಹೇಗೆ?

ಮರೆತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಡ್ರಾವರನ್ನು ಮೊದಲು ಕೂರಿಸಿದ ದಿನ ಮೇಲಂಚಿನಲ್ಲಿ ಒಂದು ಸಂದು ಕಾಣುತ್ತಿತ್ತು. "ಇದೇನು ಆಚಾರ್ರೇ, ಹಲ್ಲಿ ನುಗ್ಗುವಷ್ಟು ಸಂದು" ಎಂದವನು ನಾನೇ. ಅವರು ಏನೋ ಹೇಳಹೊರಟರು. ನಾನು ಪಟ್ಟು ಬಿಡಲಿಲ್ಲ. ಮರುದಿನ ಡ್ರಾವರಿನ ಮುಖಕ್ಕೂ ಎರಡು ಬದಿಗಳಿಗೂ ಹೊಸ ಹಲಗೆ ಹಾಕಿ, ಪಂಚಾಂಗದ ರಟ್ಟೂ ತೂರದಷ್ಟು ಬಿಗಿಯಾಗಿ ಕೂರಿಸಿಕೊಟ್ಟರು. ಕೂರಿಸಿದ್ದು ಮರ ಅತ್ಯಂತ ಒಣಗಿರುವ ತಿಂಗಳಿನಲ್ಲಿ. ಅದು ಬಾಳಬೇಕಾದದ್ದು ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ. ಅವರ ತಪ್ಪೇನಿದ್ದರೂ ನನಗೆ ಎದುರಾಡದೆ ಹೋದದ್ದು ಮಾತ್ರ.

ಮೇಲಿನೆರಡು ಡ್ರಾವರುಗಳು ಏಕೆ ತಕರಾರು ಮಾಡುವುದಿಲ್ಲ ಎಂಬುದು ತಡವಾಗಿ ಹೊಳೆಯಿತು. ಮರ ತೇವ ಹೀರಿದಾಗ ಎಳೆಯ, ಎಂದರೆ ನಾರಿನ, ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಹಿಗ್ಗುವುದೆಲ್ಲ ಎಳೆಗೆ ಅಡ್ಡಲಾಗಿ. ಡ್ರಾವರಿನ ಮುಖದಲ್ಲಿಯೂ ಬದಿಗಳಲ್ಲಿಯೂ ಎಳೆ ಮಲಗಿರುವುದರಿಂದ ಅದು ಎತ್ತರಕ್ಕೆ ಹಿಗ್ಗುತ್ತದೆ. ಕಪಾಟಿನ ಬದಿಹಲಗೆಗಳಲ್ಲಿ ಎಳೆ ನಿಂತಿರುವುದರಿಂದ ಡ್ರಾವರು ಕೂರುವ ಗೂಡಿನ ಎತ್ತರ ಇದ್ದಷ್ಟೇ ಇರುತ್ತದೆ. ಎಷ್ಟು ಅಗಲದ ಹಲಗೆಯೋ ಅಷ್ಟು ಹಿಗ್ಗು: ಮೇಲಿನದು 4 ಇಂಚು, ನಡುವಿನದು 6, ಕೆಳಗಿನದು 10. ಹತ್ತು ಇಂಚಿನ ಹಲಗೆ ನಮ್ಮ ಬೇಸಿಗೆಯಿಂದ ಮಳೆಗಾಲಕ್ಕೆ 2ರಿಂದ 3 ಮಿಲಿಮೀಟರು ಬೆಳೆಯುವುದನ್ನು ಶಾಲೆಯ ಹಳೆಯ ಅಡಿಕೋಲು ಹಿಡಿದು ನಾನೇ ನೋಡಿದ್ದೇನೆ. ಫೈಲುಗಳು ನಿಲ್ಲಲೆಂದು ಆಳವಾದ ಡ್ರಾವರು ಕೇಳಿದವನೂ ನಾನೇ.

ನಾಲ್ಕನೆಯ ಆಟಿಯಲ್ಲಿ, ಕೀಸುವುದು ಬೇಡ, ಬಂದು ನೋಡಿಹೋಗಿ ಎಂದು ಆಚಾರಿಗಳನ್ನು ಕರೆಸಿದೆ. ಇಬ್ಬರೂ ಸೇರಿ ಹಿಂದಿನ ತೆಳು ಹಲಗೆಯನ್ನು ಬಿಚ್ಚಿ ಡ್ರಾವರನ್ನು ಹಿಂದಿನಿಂದ ತಳ್ಳಿ ತೆಗೆದೆವು. ಉಜ್ಜಿ ಉಜ್ಜಿ ಮೇಲಂಚು ಹೊಳೆಯುತ್ತಿದ್ದ ಕಡೆಯಲ್ಲೆಲ್ಲ ಅವರು ಪೆನ್ಸಿಲಿನಿಂದ ಗೆರೆ ಎಳೆದು, ಹಿಂಬದಿಯಲ್ಲಿ "ಆಟಿ, 3 ಮಿ.ಮೀ." ಎಂದು ಬರೆದಿಟ್ಟರು. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಗೆರೆಯವರೆಗೆ ಕೀಸಿ, ಬರಿದಾದ ಅಂಚಿಗೆ ಅರಗಿನ ಪಾಲಿಶು ಕೊಟ್ಟರು. ಕೂಲಿ ಎಂದು ಕೊಟ್ಟದ್ದನ್ನು ತೆಗೆದುಕೊಳ್ಳಲಿಲ್ಲ. ಆ ಮೇಲೆ ಎರಡು ಮಳೆಗಾಲ ಕಳೆದಿವೆ. ಡ್ರಾವರು ಆಟಿಯಲ್ಲಿ ಸ್ವಲ್ಪ ಗೊಣಗುತ್ತದೆ, ಆದರೆ ಬರುತ್ತದೆ. ಜೂನ್ ಮೊದಲ ವಾರ ಮೂರೂ ಡ್ರಾವರುಗಳನ್ನು ತೆಗೆದು, ಅವು ಓಡುವ ಪಟ್ಟಿಗಳಿಗೆ ಮೋಂಬತ್ತಿಯ ತುಂಡನ್ನು ಉಜ್ಜುತ್ತೇನೆ. ತೆಂಗಿನೆಣ್ಣೆ ಹಚ್ಚಿ ಎಂದವರಿದ್ದಾರೆ. ಹಚ್ಚಿ ನೋಡಿದ್ದೇನೆ, ಧೂಳು ಕೂತು ಜಿಡ್ಡಾಗುತ್ತದೆ.

ಇಷ್ಟೆಲ್ಲ ದೂರಿದವನು ಆ ಮಡಚುವ ಹಲಗೆಯ ಬಗ್ಗೆ ಹೇಳದೆ ಹೋದರೆ ಅನ್ಯಾಯವಾದೀತು. ಬೆಳಿಗ್ಗೆ ಆರೂವರೆಗೆ ಅದನ್ನು ಇಳಿಸುತ್ತೇನೆ. ತೆರೆದೊಡನೆ ಬರುವುದು ಹಳೆಯ ಕಾಗದದೊಂದಿಗೆ ಬೆರೆತ ಹಲಸಿನ ವಾಸನೆ. ಕೈಯೂರಿದಲ್ಲಿ ಮರ ತಣ್ಣಗಿರುವುದಿಲ್ಲ. ಕನ್ನಡಕ ಬಲಗಡೆಯ ಗೂಡಿನಲ್ಲಿ, ಪಂಚಾಂಗ ಎಡಗಡೆಯದರಲ್ಲಿ, ಅಡಿಕೆ ಲೆಕ್ಕದ ಪುಸ್ತಕ ನಡುವೆ. ಹೊಸತರಲ್ಲಿ ಅರಸಿನದ ಬಣ್ಣವಿದ್ದ ಮರ ಈಗ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ. ನಿಘಂಟನ್ನು ಯಾವಾಗಲೂ ಇಡುತ್ತಿದ್ದ ಜಾಗ ಮಾತ್ರ ಬೆಳಕು ತಾಗದೆ ಇನ್ನೂ ಹಳದಿಯಾಗಿಯೇ ಇದೆ. ಬಿಸಿ ಕಾಫಿಯ ಲೋಟವಿಟ್ಟು ಪಾಲಿಶಿನ ಮೇಲೆ ಬಿಳಿ ಉಂಗುರ ಮೂಡಿಸಿಕೊಂಡದ್ದು ನನ್ನದೇ ಅಜಾಗರೂಕತೆ. ಅರಗಿನ ಪಾಲಿಶಿಗೆ ಬಿಸಿಯೂ ತೇವವೂ ಆಗುವುದಿಲ್ಲ. ದಿನವೂ ಲೋಟ ಇಡುವವರು ಬೇರೆ ಪಾಲಿಶು ಹಾಕಿಸಿಕೊಳ್ಳುವುದು ಲೇಸು.

ಅದೇ ಸಮಯದಲ್ಲಿ ಪ್ಲೈವುಡ್ಡಿನಿಂದ ಮಾಡಿಸಿದ ಅಡುಗೆಮನೆಯ ಕಪಾಟುಗಳು ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಪದರಗಳ ಎಳೆಯನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸುವುದರ ಪ್ರಯೋಜನ ಅದು. ಆ ಬಗ್ಗೆ ಬರೆಯುವುದಕ್ಕೆ ನನಗೆ ಬೇರೇನೂ ಇಲ್ಲ.

ಈಗ ಬೇಸಿಗೆಯಲ್ಲಿ ಕೆಳಗಿನ ಡ್ರಾವರಿನ ಮೇಲೆ 3 ಮಿಲಿಮೀಟರಿನ ಸಂದು ಸ್ಪಷ್ಟವಾಗಿ ಕಾಣುತ್ತದೆ. ಹಲ್ಲಿ ನುಗ್ಗಲಿಲ್ಲ, ಜಿರಳೆ ನುಗ್ಗಿತು, ಹಾಗಾಗಿ ಕಾಗದಗಳ ನಡುವೆ ನುಸಿಗುಳಿಗೆ ಇಡುತ್ತೇವೆ. ಮೊಮ್ಮಗಳಿಗೊಂದು ಓದುವ ಮೇಜು ಆಗಬೇಕಾಗಿದೆ. ಉಳಿದ ಹಲಗೆಗಳು ಚಾವಡಿಯಲ್ಲಿವೆ, ಆಚಾರಿಗಳು ಅವರೇ. ಡ್ರಾವರು ಒಂದೇ, 4 ಇಂಚಿನದು. ಸಂದು ಎಷ್ಟು ಬಿಡಬೇಕೆಂಬುದನ್ನು ಅವರಿಗೇ ಬಿಟ್ಟಿದ್ದೇನೆ.