ಹಳೇ ಟ್ಯಾಬ್ ತಗೊಳ್ಳುವ ಮುಂಚೆ ಆಂಡ್ರಾಯ್ಡ್ ಎಷ್ಟನೇದು ನೋಡಿ. ನಾನು ಕೇಳಿಯೂ ಮೋಸ ಹೋದೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ, ನಿಮ್ಮೂರಿನ ಮೊಬೈಲ್ ಅಂಗಡಿಯಲ್ಲೋ, ಆನ್‌ಲೈನಿನಲ್ಲೋ, ಎಲ್ಲೇ ಆಗಲಿ, ರೀಫರ್ಬಿಶ್ಡ್ ಟ್ಯಾಬ್, ಅಂದರೆ ಬಳಸಿದ್ದನ್ನೇ ಸರಿಮಾಡಿ ಮತ್ತೆ ಮಾರುವ ಟ್ಯಾಬ್, ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಸ್ಕ್ರೀನ್ ನೋಡಬೇಡಿ, ಬ್ಯಾಟರಿ ನೋಡಬೇಡಿ. ಅಂದರೆ ನೋಡಿ, ಆದರೆ ಕೊನೆಗೆ ನೋಡಿ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಆಂಡ್ರಾಯ್ಡ್ ಎಷ್ಟನೇದು, ಅಂದರೆ ಟ್ಯಾಬನ್ನು ನಡೆಸುವ ಮೂಲ ಸಾಫ್ಟ್‌ವೇರ್ ಎಷ್ಟನೇ ಆವೃತ್ತಿ ಅಂತ ನೋಡಿ. ಅಂಗಡಿಯವನು ನಿಮ್ಮ ಕೈಯಿಂದ ಟ್ಯಾಬ್ ಕಿತ್ತುಕೊಂಡು ‘ಕ್ಯಾಮೆರಾ ಕ್ಲಾರಿಟಿ ನೋಡಿ’ ಅಂತ ಮಾತು ತಿರುಗಿಸಿದರೆ ಅಲ್ಲಿಂದ ಎದ್ದು ಬನ್ನಿ.

ನನ್ನದು 6,500 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಅವರು ಕೊಟ್ಟ ಉತ್ತರಗಳು.

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆದ ಮೇಲೂ ಫೋನಿನ ಸಣ್ಣ ಅಕ್ಷರ ಓದುವುದು ಕಷ್ಟವೇ. ದೊಡ್ಡ ಸ್ಕ್ರೀನ್ ಒಂದಿದ್ದರೆ ಪೇಪರ್ ಓದಬಹುದು, ಮಧ್ಯಾಹ್ನ ತಪ್ಪಿಹೋದ ಸೀರಿಯಲ್ ನೋಡಬಹುದು, ಅಷ್ಟೇ ಆಸೆ. ಅಷ್ಟಕ್ಕೆ ಇಪ್ಪತ್ತು ಸಾವಿರದ ಹೊಸ ಟ್ಯಾಬ್ ಯಾಕೆ ಅಂತ ರೀಫರ್ಬಿಶ್ಡ್ ನೋಡಿದೆ. ಹತ್ತು ಇಂಚಿನದು, ಹೆಸರಿರುವ ಕಂಪನಿಯದು. ‘ಅಕ್ಕ, ಪೀಸ್ ನೋಡಿ, ಎಲ್ಲಾದ್ರೂ ಒಂದು ಗೀರು ತೋರಿಸಿ’ ಅಂದ ಅಂಗಡಿಯವನು. ನಿಜಕ್ಕೂ ಇರಲಿಲ್ಲ. ಅಂಗಡಿಯ ವೈಫೈನಲ್ಲಿ ಯೂಟ್ಯೂಬ್ ಹಾಕಿ ಹಳೇ ಚಿತ್ರಗೀತೆ ಒಂದನ್ನು ಕೇಳಿಸಿದ. ಸೀರಿಯಲ್ ಆಪ್ ತೆಗೆದು ತೋರಿಸಿದ. ಮೊದಲ ಪುಟ ಬಂತು, ಸಾಲುಸಾಲಾಗಿ ಚಿತ್ರಗಳು ಬಂದವು, ತಕ್ಷಣ ಮುಚ್ಚಿಬಿಟ್ಟ. ನಾನು ಬಾಯಿ ಬಿಟ್ಟು ಕೇಳಿದ್ದೇನೆ, ಇದನ್ನು ಗಮನಿಸಿ: ‘ಎಲ್ಲಾ ಆಪ್ ಬರುತ್ತಾ?’

ಅವನ ಉತ್ತರ: ‘ಎಲ್ಲಾ ಬರುತ್ತೆ ಅಕ್ಕ, ಪ್ಲೇ ಸ್ಟೋರೇ ಇದೆಯಲ್ಲ.’

ಎಂಥಾ ಉತ್ತರ ನೋಡಿ. ಪ್ಲೇ ಸ್ಟೋರ್ ಇತ್ತು, ಅದು ಸುಳ್ಳಲ್ಲ.

ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಸೋದರತ್ತೆಯೂ ಬಂದಿದ್ದರು, ಇಬ್ಬರೂ ಸೋಫಾದಲ್ಲಿ ಕೂತು ಸೀರಿಯಲ್ ಆಪ್ ತೆಗೆದರು. ಲಾಗಿನ್ ಆದ ತಕ್ಷಣ ಪೂರ್ತಿ ಸ್ಕ್ರೀನ್ ತುಂಬಾ ಒಂದು ಪುಟ. ಹೊಸ ಆವೃತ್ತಿ ಬಂದಿದೆ, ಅಪ್‌ಡೇಟ್ ಮಾಡಿ ಅಂತ. ‘ಆಮೇಲೆ’ ಅನ್ನುವ ಬಟನ್ ಇಲ್ಲ, ಮೂಲೆಯಲ್ಲಿ ಇಂಟು ಗುರುತೂ ಇಲ್ಲ. ಇರುವುದು ಒಂದೇ ಬಟನ್, ಅಪ್‌ಡೇಟ್. ಸರಿ, ಒತ್ತಿದರು. ಪ್ಲೇ ಸ್ಟೋರ್ ತೆರೆಯಿತು. ಅಲ್ಲಿ ನೋಡಿದರೆ ಅಪ್‌ಡೇಟ್ ಅನ್ನುವುದೇ ಇಲ್ಲ! ಅನ್‌ಇನ್‌ಸ್ಟಾಲ್ ಮತ್ತು ಓಪನ್, ಎರಡೇ. ಓಪನ್ ಒತ್ತಿದರೆ ಮತ್ತೆ ಅದೇ ಅಪ್‌ಡೇಟ್ ಪುಟ. ಅಪ್‌ಡೇಟ್ ಒತ್ತಿದರೆ ಮತ್ತೆ ಪ್ಲೇ ಸ್ಟೋರ್. ಅದು ಇದರ ಕಡೆ ಕೈ ತೋರಿಸುತ್ತೆ, ಇದು ಅದರ ಕಡೆ. ಅಮ್ಮ ಅದನ್ನೇ ಎಷ್ಟು ಸಲ ಒತ್ತಿದರೋ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಒತ್ತಿದರು. ಕೊನೆಗೆ ನನ್ನ ಮುಖ ನೋಡಿ ‘ನಾನೇನಾದ್ರೂ ತಪ್ಪು ಒತ್ತಿಬಿಟ್ನೇನೇ?’ ಅಂದರು.

ಇಲ್ಲಮ್ಮ. ನೀನು ಏನೂ ತಪ್ಪು ಒತ್ತಿಲ್ಲ. ಸೋದರತ್ತೆ ಮಾತ್ರ ಸುಮ್ನೆ ಇರಲಿಲ್ಲ, ‘ಅಮ್ಮನಿಗೆ ಅಂತ ತರೋವಾಗ ಹೊಸದೇ ತರಬಾರದಿತ್ತಾ’ ಅಂದೇಬಿಟ್ಟರು. ಆ ಕ್ಷಣದ ಅವಮಾನ ನನಗಿನ್ನೂ ಇಳಿದಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ‘ಅಷ್ಟೇನಾ ಅಕ್ಕ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ, ಸರಿಹೋಗುತ್ತೆ.’ ಅವನು ಹೇಳಿದಂತೆಯೇ ಮಾಡಿದೆ. ಈಗ ಪ್ಲೇ ಸ್ಟೋರಿನಲ್ಲಿ ಇನ್‌ಸ್ಟಾಲ್ ಬಟನ್ನೇ ಮಾಯ. ನಿಮ್ಮ ಡಿವೈಸ್ ಈ ಆವೃತ್ತಿಗೆ ಹೊಂದುವುದಿಲ್ಲ ಅಂತ ಒಂದು ಸಾಲು, ಮುಗೀತು. ಇದ್ದ ಹಳೇ ಕಾಪಿಯೂ ಹೋಯಿತು. ಅಂಗಡಿಯವರು ಹಳೇ ಆವೃತ್ತಿಯ ಫೈಲನ್ನು ಬೇರೆ ಕಡೆಯಿಂದ ತಂದು ತುಂಬಿಸಿಟ್ಟಿರುತ್ತಾರೆ, ಗಿರಾಕಿ ಮುಂದೆ ಮೊದಲ ಪುಟ ತೆರೆದರೆ ಸಾಕು ಅಂತ. ಅದಕ್ಕೇ ಅವತ್ತು ಅಷ್ಟು ಬೇಗ ಮುಚ್ಚಿದ್ದು. ಬ್ಯಾಂಕ್ ಆಪ್ ಹುಡುಕಿದೆ, ಹುಡುಕಾಟದಲ್ಲೇ ಬರಲಿಲ್ಲ. ಹೊಂದದ ಆಪ್‌ಗಳನ್ನು ಪ್ಲೇ ಸ್ಟೋರ್ ಎಷ್ಟೋ ಸಲ ತೋರಿಸುವುದೇ ಇಲ್ಲ, ಹೆಸರು ತಪ್ಪು ಟೈಪ್ ಮಾಡಿದೆವೇನೋ ಅಂತ ನಾವು ತಲೆ ಕೆರೆದುಕೊಳ್ಳಬೇಕು.

ಸೆಟ್ಟಿಂಗ್ಸ್ ತೆಗೆದು ನೋಡಿದೆ. ಆಂಡ್ರಾಯ್ಡ್ 6. ಅದು ಬಂದಿದ್ದು 2015ರಲ್ಲಿ! ಅದರ ಕೆಳಗೆ ಸೆಕ್ಯುರಿಟಿ ಪ್ಯಾಚ್ ಅಂತ, ಕೊನೇ ಭದ್ರತಾ ಅಪ್‌ಡೇಟಿನ ತಾರೀಕು ಇರುತ್ತೆ, ಅದು 2017ರದ್ದು. ಸಿಸ್ಟಮ್ ಅಪ್‌ಡೇಟ್ ಒತ್ತಿದರೆ ಏನು ಹೇಳಬೇಕು ಅದು? ‘ನಿಮ್ಮ ಸಾಫ್ಟ್‌ವೇರ್ ಅಪ್ ಟು ಡೇಟ್ ಆಗಿದೆ.’ ಹಸಿರು ಟಿಕ್ ಬೇರೆ. ಅಂಗಡಿಯವನಾದರೂ ಮನುಷ್ಯ, ಯಂತ್ರವೂ ಹೀಗೆ ಸುಳ್ಳು ಹೇಳುತ್ತಾ?

ಮಾರನೇ ದಿನ ಟ್ಯಾಬ್ ಹಿಡಿದುಕೊಂಡು ಅಂಗಡಿಗೇ ಹೋದೆ. ಮಾರುವ ದಿನ ನಾನು ಅವನಿಗೆ ‘ಅಕ್ಕ’. ವಾಪಸ್ ತಂದ ದಿನ ‘ಮೇಡಂ’. ಮಾತು ನಡೆದಿದ್ದು ಹೀಗೆ:

‘ಟಚ್ ಕೆಲಸ ಮಾಡ್ತಿದೆಯಾ ಮೇಡಂ?’ ಮಾಡ್ತಿದೆ. ‘ಚಾರ್ಜ್ ನಿಲ್ಲುತ್ತಾ?’ ನಿಲ್ಲುತ್ತೆ. ‘ಸ್ಪೀಕರ್?’ ಸರಿ ಇದೆ. ‘ಮತ್ತೆ ಡಿಫೆಕ್ಟ್ ಎಲ್ಲಿದೆ ಮೇಡಂ?’

ಬೇಕಾದ ಆಪ್ ಒಂದೂ ಬರೋದಿಲ್ಲವಲ್ಲಪ್ಪ ಅಂದೆ. ‘ಆಪ್ ನಮ್ಮ ಕೈಲಿಲ್ಲ ಮೇಡಂ, ಅದು ಆಪ್ ಕಂಪನಿಯವರನ್ನ ಕೇಳಬೇಕು. ನಾವು ಕೊಟ್ಟಿರೋದು ವರ್ಕಿಂಗ್ ಕಂಡೀಶನ್.’ ಎಲ್ಲಾ ಬರುತ್ತೆ ಅಂತ ನೀವೇ ಹೇಳಿದ್ದಲ್ವಾ ಅಂದರೆ ‘ಅವತ್ತು ಬರ್ತಿತ್ತಲ್ಲ, ನಿಮ್ಮೆದುರಿಗೇ ತೋರಿಸಿದೀನಲ್ಲ.’ ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಬ್ಬ ಗಿರಾಕಿಗೆ ಅಂಥದ್ದೇ ಟ್ಯಾಬ್ ತೋರಿಸುತ್ತಿದ್ದ ಹುಡುಗ ‘ಅಣ್ಣ, ಯೂಟ್ಯೂಬ್ ಹಾಕ್ಲಾ?’ ಅಂತ ಕೇಳಿದ. ನನಗೆ ಅಲ್ಲೇ ಕಿರುಚಬೇಕು ಅನಿಸಿತು. ಕಿರುಚಲಿಲ್ಲ, ಆದರೆ ಆ ಗಿರಾಕಿಗೆ ಕೇಳಿಸುವಂತೆ ‘ಆಂಡ್ರಾಯ್ಡ್ ಎಷ್ಟನೇದು ಅಂತ ಕೇಳಿ ಸಾರ್’ ಅಂದೆ. ಅವರು ಕೇಳಿದರೋ ಇಲ್ಲವೋ, ನನ್ನ ‘ಮೇಡಂ’ ಮಾತ್ರ ಇನ್ನೂ ಗಟ್ಟಿಯಾಯಿತು.

ಕೊನೆಗೆ ಅವನು ಕೊಟ್ಟ ಪರಿಹಾರ ಏನು ಗೊತ್ತಾ? ‘ಎಪಿಕೆ ಫೈಲ್ ವಾಟ್ಸಾಪ್ ಮಾಡ್ತೀನಿ, ಅನ್‌ನೋನ್ ಸೋರ್ಸ್ ಆನ್ ಮಾಡಿ ಹಾಕ್ಕೊಳ್ಳಿ. ಬ್ಯಾಂಕಿಂದೂ ಸಿಗುತ್ತೆ.’ ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆಪ್ ಹಾಕುವ ಫೈಲ್, ಅನ್‌ನೋನ್ ಸೋರ್ಸ್ ಅಂದರೆ ಅದಕ್ಕೆ ಕೊಡುವ ಅನುಮತಿ. ಮದುವೆ ಆಮಂತ್ರಣ ಅಂತ, ಟ್ರಾಫಿಕ್ ಚಲನ್ ಅಂತ ಎಪಿಕೆ ಕಳಿಸಿ ಜನರ ಖಾತೆ ಖಾಲಿ ಮಾಡುತ್ತಿರುವ ಕಾಲ ಇದು. ಯಾರೋ ಕಳಿಸಿದ ಬ್ಯಾಂಕ್ ಆಪನ್ನು ಅಮ್ಮನ ಟ್ಯಾಬಿಗೆ ಹಾಕಬೇಕಂತೆ. ಅದೂ 2017ರಿಂದ ಒಂದು ಸೆಕ್ಯುರಿಟಿ ಅಪ್‌ಡೇಟ್ ಕಾಣದ ಟ್ಯಾಬಿಗೆ.

ಅಕ್ಕನ ಮಗ ಆಪ್ ಬರೆಯುವ ಕೆಲಸದಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ ಬೈದುಕೊಂಡೆ. ಅವನು ನಕ್ಕು ‘ಚಿಕ್ಕಮ್ಮ, ಆಂಡ್ರಾಯ್ಡ್ 6ಕ್ಕೆ ನಾವೂ ನಿಲ್ಲಿಸಿಬಿಟ್ವಿ’ ಅಂದ! ಆಮೇಲೆ ಸಮಾಧಾನವಾಗಿ ಹೇಳಿದ. ಮೊದಲು ಕೈ ಬಿಡುವುದು ಚಿಪ್ ಮಾಡುವವರು, ಹಳೇ ಚಿಪ್ಪಿಗೆ ಹೊಸ ಡ್ರೈವರ್ (ಚಿಪ್ಪನ್ನು ಆಂಡ್ರಾಯ್ಡ್ ಜೊತೆ ಹೊಂದಿಸುವ ಸಾಫ್ಟ್‌ವೇರ್) ಬರೆದುಕೊಡುವುದಿಲ್ಲ. ಅದಿಲ್ಲದೆ ಟ್ಯಾಬ್ ಕಂಪನಿಯವರು ಹೊಸ ಆಂಡ್ರಾಯ್ಡ್ ಕೂರಿಸುವುದಿಲ್ಲ, ಅವರಿಗೂ ಹೊಸ ಮಾಡೆಲ್ ಮಾರಬೇಕಲ್ಲ. ಆಮೇಲೆ ಆಪ್‌ನವರು. ಹಳೇ ಆವೃತ್ತಿ ಬಳಸುವವರು ಕಮ್ಮಿಯಾದಂತೆ ಅವರಿಗಾಗಿ ಪರೀಕ್ಷೆ ಮಾಡುವುದು ದಂಡ ಅಂತ ಆಪ್‌ಗೆ ಬೇಕಾದ ಕನಿಷ್ಠ ಆಂಡ್ರಾಯ್ಡ್ ಮಟ್ಟವನ್ನು ಮೇಲಕ್ಕೆ ಏರಿಸುತ್ತಾರೆ. ಆಪ್ ಕಟ್ಟಲು ಬಳಸುವ ಗೂಗಲ್‌ನ ಲೈಬ್ರರಿಗಳೇ, ಅಂದರೆ ಸಿದ್ಧ ಕೋಡ್ ತುಣುಕುಗಳೇ, ಹಳೆಯದನ್ನು ಬಿಡುತ್ತಾ ಹೋಗುತ್ತವೆ, ಆಗ ಅವರು ಬೇಕೆಂದರೂ ಉಳಿಸಿಕೊಳ್ಳುವುದು ಕಷ್ಟ.

ಲೆಕ್ಕವನ್ನೂ ಅವನೇ ಕೊಟ್ಟ, ಇದನ್ನು ಬರೆದಿಟ್ಟುಕೊಳ್ಳಿ. ಆಂಡ್ರಾಯ್ಡ್ 6ಕ್ಕೆ ಕ್ರೋಮ್ ಬ್ರೌಸರ್ ನಿಂತಿದ್ದು 106ನೇ ಆವೃತ್ತಿಗೆ, 2022ರಲ್ಲಿ. 7ಕ್ಕೆ ನಿಂತಿದ್ದು 119ಕ್ಕೆ, 2023ರಲ್ಲಿ. 8 ಮತ್ತು 9ಕ್ಕೆ 138ಕ್ಕೆ, 2025ರಲ್ಲಿ. ಅದರ ಮುಂದಿನ ಕ್ರೋಮ್‌ಗೆ ಕನಿಷ್ಠ ಆಂಡ್ರಾಯ್ಡ್ 10 ಬೇಕು. ವಾಟ್ಸಾಪ್ ಆಂಡ್ರಾಯ್ಡ್ 4.4 ಅನ್ನು ಬಿಟ್ಟಿದ್ದು 2025ರ ಜನವರಿಯಲ್ಲಿ. ಐಪ್ಯಾಡ್ ಆದರೂ ಇದೇ ಕಥೆ, 2013ರ ಮೊದಲ ಐಪ್ಯಾಡ್ ಏರ್ ಆಪಲ್‌ನ ಮೂಲ ಸಾಫ್ಟ್‌ವೇರ್ ಐಒಎಸ್‌ನ 12ನೇ ಆವೃತ್ತಿಯಲ್ಲೇ ನಿಂತಿದೆ. ಒಂದು ವ್ಯತ್ಯಾಸ ಏನೆಂದರೆ ನಿಮ್ಮ ಅದೇ ಆಪಲ್ ಐಡಿಯಲ್ಲಿ ಮುಂಚೆ ಯಾವಾಗಲಾದರೂ ತಗೊಂಡಿದ್ದ ಆಪ್ ಆದರೆ ಅದರ ಹಳೇ ಆವೃತ್ತಿ ಸಿಗುವ ಸಾಧ್ಯತೆ ಇದೆ. ಹೊಸ ಐಡಿ ಮಾಡಿಕೊಂಡು ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ಅದೂ ಇಲ್ಲ.

ಆಪ್ ಬೇಡ, ಬ್ರೌಸರಿನಲ್ಲೇ ಪೇಪರ್ ಓದಿಸೋಣ ಅಂದುಕೊಂಡೆ. ಕೆಲವು ಸೈಟು ಬರುತ್ತವೆ, ಕೆಲವದಕ್ಕೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅಂತ ಕೆಂಪು ಗುರುತು. ಅಮ್ಮ ಅದನ್ನು ನೋಡಿ ಹೆದರಿ ಟ್ಯಾಬನ್ನೇ ಮಗುಚಿಟ್ಟರು. ಇದಕ್ಕೂ ಕಾರಣ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ವೆಬ್‌ಸೈಟ್‌ಗಳಿಗೆ ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಭದ್ರತಾ ಸರ್ಟಿಫಿಕೇಟ್ ಪುಕ್ಕಟೆ ಕೊಡುತ್ತೆ, ಕೋಟಿಗಟ್ಟಲೆ ಸೈಟುಗಳು ಅದನ್ನೇ ಬಳಸುತ್ತವೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯದಕ್ಕೆ ಆ ಸಂಸ್ಥೆಯ ಮೂಲ ಸರ್ಟಿಫಿಕೇಟಿನ ಪರಿಚಯವೇ ಇಲ್ಲ. ಇನ್ನೊಂದು ಹಳೇ ಸರ್ಟಿಫಿಕೇಟಿನ ಸಹಿ ತೋರಿಸಿ ಒಂದಷ್ಟು ವರ್ಷ ತಳ್ಳಿದರು. 2024ರ ಸೆಪ್ಟೆಂಬರ್‌ಗೆ ಅದರ ಅವಧಿಯೂ ಮುಗಿಯಿತು. ಟ್ಯಾಬಿಗೆ ಏನೂ ಆಗಿಲ್ಲ, ಅದು ಹಾಗೇ ಇದೆ. ಊರೆಲ್ಲಾ ಅದನ್ನು ಬಿಟ್ಟು ಮುಂದೆ ಹೋಗಿದೆ.

ಟ್ಯಾಬ್ ಕಂಪನಿಯ ಕಸ್ಟಮರ್ ಕೇರ್‌ಗೂ ಬರೆದೆ. ಉತ್ತರ ಬಹಳ ನಯವಾಗಿತ್ತು. ತೊಂದರೆಗೆ ವಿಷಾದಿಸುತ್ತೇವೆ, ಈ ಮಾಡೆಲ್‌ಗೆ ಸಾಫ್ಟ್‌ವೇರ್ ಸಪೋರ್ಟ್ ಮುಗಿದಿದೆ, ನಮ್ಮ ಹೊಸ ಮಾಡೆಲ್‌ಗಳು ಇಲ್ಲಿವೆ, ಕೆಳಗೊಂದು ಲಿಂಕ್. ಅದರ ಕೆಳಗೆ ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ.

ಬಿಸ್ಕೆಟ್ ಪೊಟ್ಟಣದ ಮೇಲೆ ಯಾವತ್ತಿನವರೆಗೆ ತಿನ್ನಬಹುದು ಅಂತ ಬರೆದಿರುತ್ತೆ. ಸಾವಿರಾರು ರೂಪಾಯಿಯ ಟ್ಯಾಬ್ ಡಬ್ಬದ ಮೇಲೆ ಎಂಆರ್‌ಪಿ ಇರುತ್ತೆ, ತಯಾರಾದ ತಿಂಗಳು ಇರುತ್ತೆ, ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತೇವೆ ಅಂತ ಇರುವುದಿಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಫೋನಿನಂಥ ಸಾಧನಗಳಿಗೆ ಸೆಕ್ಯುರಿಟಿ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಅಂತ ಕಂಪನಿಗಳು ಹೇಳಲೇಬೇಕು. ಯುರೋಪಿಯನ್ ಯೂನಿಯನ್‌ನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ, ಒಂದು ಮಾಡೆಲ್ ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು, ಟ್ಯಾಬ್‌ಗೂ ಸೇರಿ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಅಂತ ಪೋರ್ಟಲ್ ಬಂತು. ಒಳ್ಳೆಯದೇ, ಬಿಡಿಭಾಗ, ರಿಪೇರಿ ಮಾಹಿತಿ ಎಲ್ಲಾ ಸಿಗಲಿ. ಆದರೆ ನನ್ನ ಟ್ಯಾಬಿನಲ್ಲಿ ರಿಪೇರಿ ಮಾಡುವುದು ಏನಿದೆ? ಎಲ್ಲಾ ಭಾಗವೂ ಸರಿಯಾಗಿದೆ!

ಬಿಲ್ ವಿಷಯ. ಕೈಬರಹದ ಚೀಟಿ, ಮೇಲೆ ಅಂಗಡಿಯ ರಬ್ಬರ್ ಸ್ಟಾಂಪ್, ಕೆಳಗೆ ‘ಟ್ಯಾಬ್ 1, ವರ್ಕಿಂಗ್ ಕಂಡೀಶನ್, ನೋ ರಿಟರ್ನ್’. ಮಾಡೆಲ್ ನಂಬರೂ ಇಲ್ಲ, ಸೀರಿಯಲ್ ನಂಬರೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ತಗೊಂಡು ದುಡ್ಡು ಕೊಡದಿರುವುದು ಅನುಚಿತ ವ್ಯಾಪಾರ ಅಂತ ಇದೆ. ಅದನ್ನೇ ಹೇಳಿದೆ. ಅವನು ಮತ್ತೆ ಅಲ್ಲಿಗೇ ಬಂದ, ‘ದೋಷ ಎಲ್ಲಿದೆ ಮೇಡಂ?’ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡೋಣ.

ನಿಮಗೆ ಹೇಳುವುದು ಇಷ್ಟು. ದುಡ್ಡು ಕೊಡುವ ಮುಂಚೆ ಅಂಗಡಿಯವನ ಕೈಯಲ್ಲೇ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಒಳಗೆ ತುಂಬಿಟ್ಟಿದ್ದನ್ನೆಲ್ಲಾ ಅಳಿಸಿಸಿ. ಆಮೇಲೆ ನಿಮ್ಮ ಅಕೌಂಟ್ ಹಾಕಿ, ನಿಮಗೆ ಬೇಕಾದ ಆಪನ್ನು ಪ್ಲೇ ಸ್ಟೋರಿನಿಂದಲೇ ಇಳಿಸಿ, ಲಾಗಿನ್ ಆಗಿ ಒಳಗೆ ಹೋಗಿ ನೋಡಿ. ಮೊದಲ ಪುಟ ನೋಡಿ ಸಮಾಧಾನ ಪಡಬೇಡಿ. ಆಂಡ್ರಾಯ್ಡ್ 10ಕ್ಕಿಂತ ಕೆಳಗೆ ಇದ್ದರೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ, ನಾನಂತೂ ಪುಕ್ಕಟೆ ಕೊಟ್ಟರೂ ತಗೊಳ್ಳಲ್ಲ. ಸೆಕ್ಯುರಿಟಿ ಪ್ಯಾಚ್ ತಾರೀಕು ನೋಡಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಆಂಡ್ರಾಯ್ಡ್ ಆವೃತ್ತಿ ಎರಡನ್ನೂ ಬರೆಸಿ. ‘ಅದೆಲ್ಲಾ ಬರೆಯಲ್ಲ ಅಕ್ಕ’ ಅಂದರೆ ಉತ್ತರ ಸಿಕ್ಕಿತು ಅಂತ ತಿಳಿದುಕೊಳ್ಳಿ.

ನಿನ್ನೆ ಅವನೇ ಫೋನ್ ಮಾಡಿದ್ದ. 1915ರಿಂದ ಕರೆ ಹೋಗಿತ್ತೋ ಏನೋ, ಮತ್ತೆ ‘ಅಕ್ಕ’ ಆಗಿದ್ದೆ. ‘ಅಕ್ಕ, ಬೇಜಾರು ಮಾಡ್ಕೋಬೇಡಿ, ಹಳೇದು ವಾಪಸ್ ಕೊಡಿ, ಮೇಲೆ ಮೂರು ಸಾವಿರ ಹಾಕಿ, ಬೇರೆ ಪೀಸ್ ಕೊಡ್ತೀನಿ. ಸೂಪರಾಗಿದೆ, ಒಂದು ಗೀರಿಲ್ಲ.’

ಆಂಡ್ರಾಯ್ಡ್ ಎಷ್ಟನೇದಪ್ಪ ಅದರಲ್ಲಿ ಅಂತ ಕೇಳಿದೆ.

‘ಎಂಟು ಅಕ್ಕ, ಲೇಟೆಸ್ಟು.’