ಮೊದಲ ವೀಗನ್ ಕೇಕ್ ಸ್ಪರ್ಧೆಗೆ ಸಾಮಾನು ಕೊಂಡ ಅಂಗಡಿ

ಮಲ್ಲೇಶ್ವರ 8ನೇ ಕ್ರಾಸ್ ಹತ್ತಿರದ ಈ ಬೇಕಿಂಗ್ ಸಾಮಾನಿನ ಅಂಗಡಿ ನನಗೆ ತುಂಬಾ ಇಷ್ಟವಾಯಿತು. ಮೊದಲ ಸಲ ವೀಗನ್ (ಹಾಲು, ಮೊಟ್ಟೆಯಂಥ ಪ್ರಾಣಿಜನ್ಯ ಪದಾರ್ಥ ಹಾಕದ) ಕೇಕ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ ಅಂದ ತಕ್ಷಣ ಅಂಗಡಿಯ ಆಂಟಿ ವಿಪ್ಪಿಂಗ್ ಕ್ರೀಮ್ ಡಬ್ಬ ತಿರುಗಿಸಿ, ಸಣ್ಣ ಅಕ್ಷರದಲ್ಲಿದ್ದ 'ಸೋಡಿಯಂ ಕೇಸಿನೇಟ್' ತೋರಿಸಿದರು. "ಮುಂದೆ ನಾನ್ ಡೈರಿ ಅಂತ ಇದ್ರೂ ಇದು ಹಾಲಿನ ಪ್ರೋಟೀನೇ ಕಣಮ್ಮ, ವೀಗನ್ ಗುರುತು ಇರೋದನ್ನೇ ತಗೋ" ಅಂದರು. ಯಾರು ಇಷ್ಟು ಹೇಳುತ್ತಾರೆ, ಅಲ್ವಾ? ಅಗಸೆಬೀಜದ ಪುಡಿಯೂ ತಾಜಾ ಇತ್ತು. 1 ಚಮಚ ಪುಡಿಗೆ 3 ಚಮಚ ನೀರು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಲೋಳೆಯಾಗಿ ಒಂದು ಮೊಟ್ಟೆಯ ಕೆಲಸ ಮಾಡುತ್ತದೆ. ತೆಂಗಿನ ಹಾಲಿಗೆ ಮಾತ್ರ ರೇಟು ಜಾಸ್ತಿ, ಅದನ್ನು ಮನೆಯಲ್ಲೇ ತೆಗೆಯಿರಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿದು ನಡೆದುಹೋಗಿ.