ಅಂಟಿನ ಫೋನೋ, ಸ್ಕ್ರೂ ಫೋನೋ?

ಫೋನ್ ಕೊಳ್ಳುವಾಗ ಕ್ಯಾಮೆರಾ, ಮೆಮೊರಿ ನೋಡುತ್ತೇವೆ. ಬ್ಯಾಟರಿ ಕೈಕೊಟ್ಟ ದಿನ ಏನು ಗತಿ ಅಂತ ಯೋಚಿಸುವವರು ಕಡಿಮೆ.

ಅಂಟು ಹಾಕಿ ಮುಚ್ಚಿದ ಫೋನ್ ತೆಳ್ಳಗೆ, ಚಂದ. ನೀರಿಗೆ ಬಿದ್ದರೂ ಸಾಮಾನ್ಯವಾಗಿ ಬದುಕುತ್ತದೆ. ಬಿಚ್ಚುವುದೇ ಕಷ್ಟ. ಅಂಚಿಗೆ ಬಿಸಿ ಕೊಟ್ಟು, ಅಂಟು ಮೆತ್ತಗಾದ ಮೇಲೆ ತೆಳು ಪ್ಲಾಸ್ಟಿಕ್ ತುಂಡು ತೂರಿಸಿ ಮೆಲ್ಲಗೆ ಎಬ್ಬಿಸಬೇಕು. ಕೈ ತುಸು ಜಾರಿದರೆ ಗಾಜಿನ ಕಥೆ ಮುಗಿಯಿತು. ಇದಕ್ಕಿಂತ ದೊಡ್ಡ ತೊಡಕು ಸಾಫ್ಟ್‌ವೇರ್‌ನದು. ಕೆಲವು ಕಂಪನಿಗಳು ಬಿಡಿಭಾಗದ ಸೀರಿಯಲ್ ನಂಬರನ್ನು ಆಯಾ ಫೋನಿಗೇ ಗಂಟು ಹಾಕಿರುತ್ತವೆ. ಅದೇ ಮಾದರಿಯ ಇನ್ನೊಂದು ಫೋನಿನ ಅಸಲಿ ಸ್ಕ್ರೀನ್ ಹಾಕಿದರೂ ಎಚ್ಚರಿಕೆ ಸಂದೇಶ ಬರಬಹುದು, ಒಂದೆರಡು ಸೌಲಭ್ಯ ನಿಲ್ಲಬಹುದು. ಎಲ್ಲ ಸುರಕ್ಷತೆಗಾಗಿ ಎನ್ನುತ್ತಾರೆ. ಬೆರಳಚ್ಚು ಸೆನ್ಸರ್‌ ವಿಷಯದಲ್ಲಿ ಒಪ್ಪೋಣ, ಬ್ಯಾಟರಿಗೆ ಯಾಕೆ? ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಇಂಥ ಗಂಟಿಗೆ ಕಡಿವಾಣ ಹಾಕಹೊರಟಾಗ ಆ್ಯಪಲ್ ಬಹಿರಂಗವಾಗಿಯೇ ವಿರೋಧಿಸಿತ್ತು.

ಡಚ್ ಕಂಪನಿಯೊಂದರ 2023ರ ಸ್ಕ್ರೂ ಫೋನ್ ಫೇರ್‌ಫೋನ್ 5 ಬೇರೆಯದೇ ಜಾತಿ. ಹಿಂದಿನ ಮುಚ್ಚಳ ಉಗುರಿಗೇ ಬಿಚ್ಚಿಕೊಳ್ಳುತ್ತದೆ, ಬ್ಯಾಟರಿ ಕೈಗೇ ಬರುತ್ತದೆ. ಸ್ಕ್ರೀನ್ ತೆಗೆಯಲು ಒಂದು ಸ್ಕ್ರೂಡ್ರೈವರ್ ಸಾಕು. ಬಿಡಿಭಾಗಗಳನ್ನು ಕಂಪನಿಯೇ ಮಾರುತ್ತದೆ. ಆದರೆ ತುಸು ದಪ್ಪ, ಅದೇ ದುಡ್ಡಿಗೆ ಇನ್ನೂ ವೇಗದ ಫೋನ್ ಸಿಗುತ್ತದೆ, ಎಲ್ಲ ದೇಶಗಳಲ್ಲಿ ಮಾರಾಟವೂ ಇಲ್ಲ.

ಎರಡು ವರ್ಷಕ್ಕೊಮ್ಮೆ ಬದಲಾಯಿಸುವವರು ಮೊದಲನೆಯದನ್ನೇ ಕೊಳ್ಳಲಿ. ಐದಾರು ವರ್ಷ ಬಾಳಿಸುವವರಿಗೆ ನನ್ನ ಓಟು ಸ್ಕ್ರೂಗೆ. ಎರಡರ ನಡುವಿನದನ್ನು ಹುಡುಕುವವರಿಗೆ ಐರೋಪ್ಯ ಒಕ್ಕೂಟದ ಲೇಬಲ್ ಇದೆ: 2025ರ ಜೂನ್‌ನಿಂದ ಅಲ್ಲಿನ ಫೋನ್‌ಗಳಿಗೆ ರಿಪೇರಿಯ ಸುಲಭತೆಗೂ ಎ ಇಂದ ಇ ವರೆಗೆ ದರ್ಜೆ ಕೊಡುತ್ತಾರೆ.